ಅಂಬುತೀರ್ಥದಿಂದ ಹೊನ್ನಾವರದವರೆಗೆ

ಕಡಲು, ಸಾಹಸ ಎರಡಕ್ಕೂ ಮನಸೋತ ಬಾಣಸಿಗರ ಬಗ್ಗೆ ನೀವು ಬರೆದ ನೆನಪು ಓದಿ ಕಣ್ಣು ತುಂಬಿತು. ತೀರ್ಥಹಳ್ಳಿಯ ನಮ್ಮ ಸೋದರಮಾವನೂ ಹಾಗೇ. ಮದುವೆ ಮನೆಗಳ ಅಡುಗೆ ಅವರ ಕಸುಬು. ಕೊನೆಯ ಪಂಕ್ತಿ ಎದ್ದು ಕೊಪ್ಪರಿಗೆ ತೊಳೆದಿಟ್ಟರೆ ಮರುದಿನ ಆಗುಂಬೆ ಘಾಟಿ ಇಳಿದು ಮಲ್ಪೆ. ದೋಣಿಯವರ ಜೊತೆ ಎರಡು ರಾತ್ರಿ ಕಡಲಲ್ಲೇ! ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನು ಹಿಡಿಯಲು ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲವಲ್ಲ, ಆಗ ಮಾತ್ರ ಮನೆಯಲ್ಲಿದ್ದು ಕಳಲೆ ಪಲ್ಯ, ಪತ್ರೊಡೆ ಮಾಡಿ ಬಡಿಸುತ್ತಿದ್ದರು. "ನಮ್ಮ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯೇ ಹೊನ್ನಾವರದಲ್ಲಿ ಕಡಲು ಸೇರ್ತಾಳೆ, ನನ್ನನ್ನು ಯಾಕೆ ತಡೀತೀರಿ ಮಾರಾಯ್ರೆ" ಅನ್ನೋರು. ಕಡಲಿನ ಒಣಸಿಗಡಿಗೆ ಮಲೆನಾಡಿನ ವಾಟೆಹುಳಿ ಹಾಕಿ ಅರೆದ ಅವರ ಚಟ್ನಿ, ಜೊತೆಗೆ ಬಿಸಿ ಕಡುಬು. ಆ ರುಚಿ ಮತ್ತೆಲ್ಲೂ ಸಿಕ್ಕಿಲ್ಲ ನನಗೆ.