ಗ್ಯಾಸ್ ಎನ್ನುವ ಮೊದಲು ಒಂದು ಇಸಿಜಿ
ನಮ್ಮ ಮಂಗಳೂರು, ಉಡುಪಿ ಕಡೆ ಸಾವಾದ ಮನೆಗೆ ಬೊಜ್ಜ (ಉತ್ತರಕ್ರಿಯೆ) ಮುಗಿಯುವವರೆಗೂ ಜನ ಬರುತ್ತಲೇ ಇರುತ್ತಾರೆ. ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಂಗಸು ಆ ಗಡಿಬಿಡಿಯ ನಡುವೆ "ಎದೆ ಹಿಡಿದ ಹಾಗೆ ಆಗ್ತದೆ" ಎಂದರೆ, "ಗ್ಯಾಸ್ ಇರ್ಬೇಕು, ಸ್ವಲ್ಪ ಜೀರಿಗೆ ಕಷಾಯ ಕುಡೀರಿ" ಎನ್ನುತ್ತೇವೆ. ಇಲ್ಲವೇ ಬೇಜಾರಿಗೆ ಹಾಗಾಗುತ್ತದೆ ಎಂದು ಮಲಗಿಸುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ.

ಆಪ್ತರು ತೀರಿಹೋದ ಮೊದಲ ದಿನಗಳಲ್ಲಿ, ಅದರಲ್ಲೂ ಮೊದಲ 24 ಗಂಟೆಗಳಲ್ಲಿ, ಹೃದಯಾಘಾತದ ಅಪಾಯ ಹೆಚ್ಚು. ಅದಲ್ಲದೆ ಟಕೊಟ್ಸುಬೊ ಎಂಬ ಇನ್ನೊಂದು ತೊಂದರೆಯೂ ಇದೆ. ಆಘಾತವಾದಾಗ ಅಡ್ರಿನಲಿನ್‌ನಂಥ ಹಾರ್ಮೋನುಗಳು ಒಮ್ಮೆಲೇ ರಕ್ತಕ್ಕೆ ನುಗ್ಗಿ, ಹೃದಯದ ಎಡಭಾಗದ ಪಂಪಿನ ತುದಿ ಸೋತು ಉಬ್ಬಿಕೊಳ್ಳುತ್ತದೆ. ಹೀಗಾಗುವವರಲ್ಲಿ 100ಕ್ಕೆ ಸುಮಾರು 90 ಮಂದಿ ಹೆಂಗಸರು, ಹೆಚ್ಚಿನವರು ಮುಟ್ಟು ನಿಂತವರು. ಇಸಿಜಿ, ಟ್ರೊಪೊನಿನ್ ಎಂಬ ರಕ್ತಪರೀಕ್ಷೆ ಎರಡೂ ಹೃದಯಾಘಾತದಂತೆಯೇ ಕಾಣುತ್ತವೆ. ಆಂಜಿಯೋಗ್ರಾಮ್ ಮಾಡಿದರೆ ಹೃದಯದ ರಕ್ತನಾಳದಲ್ಲಿ ಅದಕ್ಕೆ ಕಾರಣವಾಗುವಂಥ ಬ್ಲಾಕ್ ಸಿಗುವುದಿಲ್ಲ.

"ಬ್ಲಾಕ್ ಇಲ್ಲ, ಹಾಗಾದ್ರೆ ಮನೆಗೆ ಕಳಿಸಿ" ಎಂದು ಮನೆಯವರು ಅವಸರ ಮಾಡುವುದು ಇಲ್ಲೇ. ಶ್ವಾಸಕೋಶದಲ್ಲಿ ನೀರು ತುಂಬುವುದು, ಬಡಿತ ತಪ್ಪುವುದು, ಸೋತ ತುದಿಯಲ್ಲಿ ರಕ್ತ ಹೆಪ್ಪುಗಟ್ಟುವುದು ಎಲ್ಲ ಆಗುವುದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲೇ. ಕೆಲವರ ಜೀವವೂ ಹೋಗುತ್ತದೆ. ಆ ದಿನಗಳು ಕಳೆದರೆ ಹೆಚ್ಚಿನವರ ಹೃದಯ ಕೆಲವು ವಾರಗಳಲ್ಲಿ ಸುಧಾರಿಸುತ್ತದೆ. ಸುಧಾರಿಸಿದೆಯೇ ಎಂದು ತಿಳಿಯಲು ಮತ್ತೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಲೇಬೇಕು.

ಇದು ಗ್ಯಾಸೋ, ಹೃದಯಾಘಾತವೋ, ಟಕೊಟ್ಸುಬೊವೋ ಎಂದು ಮನೆಯಲ್ಲಿ ಕುಳಿತು ಹೇಳಲು ಯಾರಿಂದಲೂ ಆಗದು. ಹೆಂಗಸರಲ್ಲಿ ಎದೆನೋವಿನ ಜೊತೆಗೆ, ಕೆಲವೊಮ್ಮೆ ಎದೆನೋವೇ ಇಲ್ಲದೆ, ಏದುಸಿರು, ದವಡೆ ಅಥವಾ ಬೆನ್ನುನೋವು, ವಾಂತಿ ಬಂದಂತಾಗುವುದು, ತಣ್ಣನೆಯ ಬೆವರು ಕಾಣಿಸಬಹುದು. 108ಕ್ಕೆ ಫೋನ್ ಮಾಡಿ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಇಸಿಜಿ ಇಲ್ಲದ ಕ್ಲಿನಿಕ್ಕಿಗೆ ಹೋಗಬೇಡಿ. ಆಸ್ಪತ್ರೆ ತಲುಪಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಮೊದಲನೆಯದು ನಾರ್ಮಲ್ ಬಂದರೂ ಕೆಲವು ಗಂಟೆ ಇರಿಸಿಕೊಂಡು ಇಸಿಜಿ, ಟ್ರೊಪೊನಿನ್ ಮತ್ತೆ ನೋಡಬೇಕಾಗುತ್ತದೆ. ಕ್ಯಾಶುವಾಲ್ಟಿಯಲ್ಲಿ ಮೊದಲು ತೊಂದರೆ ಏನು, ಎಷ್ಟು ಗಂಟೆಗೆ ಶುರುವಾಯಿತು ಎಂದು ಹೇಳಿ. ಸಾವಿನ ವಿಷಯ ಆಮೇಲೆ. ಸಾವಿನಿಂದ ಮಾತು ಶುರುವಾದರೆ ಕೇಳುವವರ ಮನಸ್ಸು ಗಾಬರಿ, ಟೆನ್ಶನ್ ಎಂಬ ಕಡೆಗೇ ಹೋಗುವ ಸಾಧ್ಯತೆ ಇದೆ. ಆದರೆ ಅದನ್ನು ಹೇಳದೆ ಬಿಡಬೇಡಿ.

ಇನ್ನು ಮಾತ್ರೆಗಳು. ಬಂದವರಿಗೆ ಚಾ ಕೊಡುವ ಗಡಿಬಿಡಿಯಲ್ಲಿ ಅಮ್ಮನ ಮಾತ್ರೆಯ ಡಬ್ಬಿ ಮೂರು ದಿನ ಮುಚ್ಚಿದ್ದಲ್ಲೇ ಇರುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬಿಪಿ, ಹೃದಯದ ಮಾತ್ರೆ ಒಮ್ಮೆಲೇ ನಿಂತರೆ ಬಡಿತವೂ ಬಿಪಿಯೂ ಏರಿ ಹೃದಯಕ್ಕೆ ಇನ್ನಷ್ಟು ಭಾರ. ಊಟ ಬಿಟ್ಟು ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ನುಂಗಿದರೆ ಶುಗರ್ ಇಳಿದು ತಲೆ ತಿರುಗಿ ಬೀಳಬಹುದು. ಸೊಸೆಯೋ ತಮ್ಮನೋ, ಯಾರಾದರೂ ಒಬ್ಬರು ಈ ಕೆಲಸ ವಹಿಸಿಕೊಳ್ಳಿ: ಎರಡು ತುತ್ತು ಗಂಜಿಯಾದರೂ ಉಣಿಸಿ ಮಾತ್ರೆ ಕೊಡುವುದು, ಸರಿಯಾಗಿ ಊಟ ಸೇರದಿದ್ದರೆ ಶುಗರ್ ಮಾತ್ರೆ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ ಕೇಳುವುದು, ಬೊಜ್ಜ ಕಳೆದು ನೆಂಟರೆಲ್ಲ ಹೊರಟ ಮೇಲೆ ಅದೇ ವಾರ ಬಿಪಿ, ಶುಗರ್ ನೋಡಿಸುವುದು.