ಪರ–ವಿರೋಧ: ವಿಶ್ವವಿದ್ಯಾಲಯಗಳು ತಮ್ಮ ಅಧ್ಯಾಪಕರಿಗೂ ನೌಕರರಿಗೂ ‘ಅತ್ಯುತ್ತಮ ಸೇವಾ ಪ್ರಶಸ್ತಿ’ ಕೊಡಬೇಕೆ?

ಪರ: ಮಾಡಿದ ಕೆಲಸ ಏನೆಂದು ಬರೆದು ಓದಬೇಕು

ಬೆಳಿಗ್ಗೆ ಹತ್ತಕ್ಕೆ ವಿದ್ಯಾರ್ಥಿಗಳು ರಸಾಯನಶಾಸ್ತ್ರದ ಲ್ಯಾಬಿಗೆ ಬರುವ ಹೊತ್ತಿಗೆ ಬ್ಯುರೆಟ್‌ಗಳು ತೊಳೆದು ನಿಂತಿರುತ್ತವೆ, ಬಾಟಲಿಗಳ ಮೇಲೆ ಚೀಟಿ ಅಂಟಿರುತ್ತದೆ. 6.3 ಗ್ರಾಂ ಆಕ್ಸಾಲಿಕ್ ಆಮ್ಲ ತೂಗಿ, ಲೀಟರ್ ಫ್ಲಾಸ್ಕಿನಲ್ಲಿ ಕರಗಿಸಿ, ಗೆರೆಯ ತನಕ ನೀರು ತುಂಬಿ 0.1 ನಾರ್ಮಲ್ ದ್ರಾವಣ ಮಾಡಿಟ್ಟವರು ಹಿಂದಿನ ಸಂಜೆ ತಡವಾಗಿ ಮನೆಗೆ ಹೋದ ಅಟೆಂಡರ್. ತೂಕದಲ್ಲಿ ಅರ್ಧ ಗ್ರಾಂ ಹೆಚ್ಚುಕಡಿಮೆಯಾದರೆ ಇಡೀ ಬ್ಯಾಚಿನ ಟೈಟ್ರೇಶನ್ ಕೆಡುತ್ತದೆ. ಸರಿಯಾಗಿದ್ದ ದಿನ ಅವರನ್ನು ಯಾರೂ ನೆನೆಯುವುದಿಲ್ಲ, ಕೆಟ್ಟ ದಿನ ಮಾತ್ರ ಹೆಸರು ಹಿಡಿದು ಕರೆಯುತ್ತಾರೆ.

ಪರೀಕ್ಷಾ ವಿಭಾಗದ ಕಥೆಯೂ ಇದೇ. ಉತ್ತರ ಪತ್ರಿಕೆಯ ಕಟ್ಟು ಬಂದ ಮೇಲೆ ನೋಂದಣಿ ಸಂಖ್ಯೆ ಮರೆಮಾಡಿ ಕೋಡ್ ಹಾಕಬೇಕು. ಮೌಲ್ಯಮಾಪನ ಮುಗಿದ ಮೇಲೆ ಡಿಕೋಡ್ ಮಾಡಿ ಅಂಕ ತಾಳೆ ನೋಡಬೇಕು. ಒಂದು ಅಂಕಿ ಆಚೀಚೆಯಾದರೆ ಪರೀಕ್ಷೆ ಬರೆದ ಹುಡುಗಿಯ ಅಂಕಪಟ್ಟಿಯಲ್ಲಿ ‘ಗೈರುಹಾಜರು’ ಎಂದು ಅಚ್ಚಾಗುತ್ತದೆ, ಅವಳ ಮುಂದಿನ ಪ್ರವೇಶವೇ ತಪ್ಪಬಹುದು. ಇಂಥ ನೂರಾರು ತಪ್ಪುಗಳನ್ನು ತಡೆಯುವವರ ಕೆಲಸ ಯಾವ ವಾರ್ಷಿಕ ವರದಿಯಲ್ಲೂ ಕಾಣುವುದಿಲ್ಲ. ಎಲೆಮರೆಯ ಕಾಯಿ ಎಂದು ಬೀಳ್ಕೊಡುಗೆಯ ದಿನ ಹೊಗಳಿ ಶಾಲು ಹೊದಿಸುತ್ತೇವೆ. ಮೂವತ್ತು ವರ್ಷ ಕಾಯುವುದೇಕೆ? ಸೇವೆಯಲ್ಲಿರುವಾಗಲೇ ಹೇಳಬೇಕು.

ಬೋಧಕೇತರ ಸಿಬ್ಬಂದಿಯ ಕೆಲಸ ಎಷ್ಟು ದೂರ ಮುಟ್ಟಬಲ್ಲದು ಎಂಬುದಕ್ಕೆ ಮೈಸೂರಿಗಿಂತ ಆಚೆ ಹೋಗಬೇಕಿಲ್ಲ. 1891ರಲ್ಲಿ ಶುರುವಾದ ಅಲ್ಲಿನ ಓರಿಯಂಟಲ್ ಲೈಬ್ರರಿ ಇಂದು ಮೈಸೂರು ವಿಶ್ವವಿದ್ಯಾಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯ. ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದೆ ಎಂದು 1905ರಲ್ಲಿ ಗುರುತಿಸಿದ ಆರ್. ಶಾಮಶಾಸ್ತ್ರಿಗಳು ಅಲ್ಲಿ ಗ್ರಂಥಪಾಲಕರಾಗಿದ್ದವರು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಹುಳ ಬೀಳದಂತೆ ನಿಂಬೆಹುಲ್ಲಿನ ಎಣ್ಣೆ ಸವರಿ, ಮಾಸಿದ ಅಕ್ಷರಗಳಿಗೆ ಮಸಿ ತೀಡಿ ಗರಿಗಳನ್ನು ಓದುವ ಸ್ಥಿತಿಯಲ್ಲಿಟ್ಟ ಕೈಗಳಿಲ್ಲದೆ ಇಂಥ ಯಾವ ಸಂಶೋಧನೆಯೂ ಇಲ್ಲ.

ರಾಜ್ಯ ಸರ್ಕಾರ ತನ್ನ ನೌಕರರಿಗೆ ಸರ್ವೋತ್ತಮ ಸೇವಾ ಪ್ರಶಸ್ತಿ ಕೊಡುತ್ತಿದೆ. ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿಯೊಳಗೆ ಉನ್ನತ ಶಿಕ್ಷಣದ ಅಧ್ಯಾಪಕರಿಗೆ 2023ರಿಂದ ಜಾಗ ಸಿಕ್ಕಿದೆ. ಆದರೆ ಲ್ಯಾಬ್, ಹಾಸ್ಟೆಲ್, ಗ್ರಂಥಾಲಯ, ಪರೀಕ್ಷಾ ವಿಭಾಗಗಳನ್ನು ಹತ್ತಿರದಿಂದ ಬಲ್ಲದ್ದು ಆಯಾ ವಿಶ್ವವಿದ್ಯಾಲಯ ಮಾತ್ರ. ಹಾಗಾಗಿ ಪ್ರಶಸ್ತಿಯೂ ಅಲ್ಲಿಯೇ ಹುಟ್ಟಬೇಕು.

ಇಂಥ ಪ್ರಶಸ್ತಿಗಳು ಎಲ್ಲಿ ಕೆಡುತ್ತವೆ ಎಂಬುದು ಗುಟ್ಟಲ್ಲ. ಸರದಿಯ ಮೇಲೆ ಹಂಚುವುದು, ನಿವೃತ್ತಿಯಾಗುವವರಿಗೆ ಉಡುಗೊರೆಯಾಗಿ ಕೊಡುವುದು, ಜಾತಿ–ಬಣಗಳ ಒತ್ತಡಕ್ಕೆ ಮಣಿಯುವುದು, ದಪ್ಪ ಫೈಲ್ ತಂದವರನ್ನೇ ಗೆಲ್ಲಿಸುವುದು. ನಿಯಮಾವಳಿ ಬರೆಯುವಾಗಲೇ ಇವಕ್ಕೆ ಬೀಗ ಹಾಕಬಹುದು. ಅಧ್ಯಾಪಕರು, ಕಚೇರಿ ಮತ್ತು ತಾಂತ್ರಿಕ ಸಿಬ್ಬಂದಿ, ‘ಡಿ’ ದರ್ಜೆಯವರು, ಗುತ್ತಿಗೆ–ಹೊರಗುತ್ತಿಗೆಯವರು ಮತ್ತು ಅತಿಥಿ ಉಪನ್ಯಾಸಕರು, ಕೊನೆಗೆ ತಂಡ ಎಂದು ಐದು ವರ್ಗ ಮಾಡಬೇಕು. ಒಂದೇ ಪಟ್ಟಿಯಲ್ಲಿ ಪ್ರೊಫೆಸರ್ ಜೊತೆ ತೋಟದ ಮಾಲಿಯನ್ನು ನಿಲ್ಲಿಸಿದರೆ ಗೆಲ್ಲುವವರು ಯಾರೆಂದು ಮೊದಲೇ ಗೊತ್ತು.

ನಾಮನಿರ್ದೇಶನ ಒಂದೇ ಪುಟದ್ದಿರಲಿ. ಮೂರು ಘಟನೆ, ಪ್ರತಿಯೊಂದಕ್ಕೂ ದಿನಾಂಕ, ಯಾರಿಗೆ ಏನು ಅನುಕೂಲವಾಯಿತು ಎಂಬ ವಿವರ, ಜೊತೆಗೆ ಇಬ್ಬರ ಸಹಿ. ಆ ಇಬ್ಬರಲ್ಲಿ ಒಬ್ಬರು ಬೇರೆ ವಿಭಾಗದವರಾಗಿರಬೇಕು. ‘ಸರಳ ಸಜ್ಜನ, ಸದಾ ಹಸನ್ಮುಖಿ’ ಎಂದು ಬರೆದ ಪುಟಕ್ಕೆ ಅಂಕವಿಲ್ಲ. ‘ನೆಟ್‌ವರ್ಕ್ ಕೈಕೊಟ್ಟ ದಿನ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಸಿಕ್ಕಿಹಾಕಿಕೊಂಡ ಅರ್ಜಿಗಳನ್ನು ರಾತ್ರಿ ಹತ್ತರ ತನಕ ಕೂತು ಸಲ್ಲಿಸಿದರು’ ಎಂದರೆ ಅಂಕವಿದೆ. ಆಯ್ಕೆ ಸಮಿತಿಗೆ ಐವರು ಸಾಕು: ಹೊರಗಿನ ಅಧ್ಯಕ್ಷರು, ಒಬ್ಬ ಅಧ್ಯಾಪಕರು, ಇಬ್ಬರು ಬೋಧಕೇತರರು, ಒಬ್ಬ ಸಂಶೋಧನಾ ವಿದ್ಯಾರ್ಥಿ. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಸದಸ್ಯರು ಬೇಡ. ಚರ್ಚೆಗೆ ಕೂರುವ ಮುಂಚೆಯೇ ಪ್ರತಿಯೊಬ್ಬರೂ ಅಂಕ ಬರೆದು ಲಕೋಟೆಯಲ್ಲಿ ಕೊಟ್ಟಿರಬೇಕು, ಇಲ್ಲವಾದರೆ ಮೊದಲು ಮಾತಾಡಿದ ಹಿರಿಯರ ಅಭಿಪ್ರಾಯವೇ ಎಲ್ಲರದ್ದಾಗುತ್ತದೆ. ತಮ್ಮ ವಿಭಾಗದವರ ಹೆಸರು ಬಂದಾಗ ಸದಸ್ಯರು ಎದ್ದು ಹೊರಗೆ ಹೋಗಬೇಕು, ಅದು ನಡಾವಳಿಯಲ್ಲಿ ದಾಖಲಾಗಬೇಕು. ಅಧಿಕಾರದಲ್ಲಿರುವ ಡೀನರು, ಕುಲಸಚಿವರು ಸ್ಪರ್ಧೆಗಿಲ್ಲ. ಒಮ್ಮೆ ಪಡೆದವರಿಗೆ ಮತ್ತೆ ಐದು ವರ್ಷ ಇಲ್ಲ. ಅರ್ಹರು ಸಿಗದ ವರ್ಷ ಆ ವರ್ಗದಲ್ಲಿ ಪ್ರಶಸ್ತಿಯೂ ಇಲ್ಲ.

ಹಣದ ಲೆಕ್ಕವೂ ದೊಡ್ಡದಲ್ಲ. ಚಿನ್ನದ ಪದಕಗಳಿಗೆ ಇರುವಂತೆ 8 ಲಕ್ಷ ರೂಪಾಯಿಯ ದತ್ತಿ ನಿಧಿ ಇಟ್ಟರೆ, ಶೇ 6.5ರ ಬಡ್ಡಿಯಲ್ಲಿ ವರ್ಷಕ್ಕೆ 52,000 ಬರುತ್ತದೆ. ಐದು ಪ್ರಶಸ್ತಿಗೆ ತಲಾ 10,000 ಕೊಟ್ಟು ಪ್ರಮಾಣಪತ್ರದ ಖರ್ಚೂ ಕಳೆಯುತ್ತದೆ.

ಹಣವಿಲ್ಲದ ಮನ್ನಣೆಗೂ ಬಲವಿದೆ. ಜರ್ಮನ್ ವಿಕಿಪೀಡಿಯಾದಲ್ಲಿ ಹೊಸದಾಗಿ ಬರೆಯಲು ಬಂದ ಸಾವಿರಾರು ಜನರ ನಡುವೆ ಸಂಶೋಧಕಿ ಯಾನಾ ಗಾಲುಸ್ ಮಾಡಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಒಂದು ರೂಪಾಯಿಯೂ ಇಲ್ಲದ ಬರಿಯ ಗುರುತಿನ ಪ್ರಶಸ್ತಿ ಪಡೆದವರಲ್ಲಿ ಬರೆಯುವುದನ್ನು ಮುಂದುವರಿಸಿದವರು ಸುಮಾರು ಶೇ 20ರಷ್ಟು ಹೆಚ್ಚು. ನಿಮ್ಮ ಕೆಲಸ ನೋಡಿದ್ದೇವೆ ಎಂಬ ಮಾತು ಜನರನ್ನು ಉಳಿಸಿಕೊಳ್ಳುತ್ತದೆ. ನಮ್ಮ ಕ್ಯಾಂಪಸ್ಸುಗಳಲ್ಲಿ ಆ ಮಾತೇ ಅಪರೂಪ.

ವಿರೋಧ: ಐವರಿಗೆ ಶಾಲು, ಉಳಿದವರಿಗೆ ಮೌನ

ಶಾಮಶಾಸ್ತ್ರಿಗಳ ಉದಾಹರಣೆಯನ್ನು ಪೂರ್ತಿ ಹೇಳಬೇಕು. ಆ ತಾಳೆಗರಿಯ ಕಟ್ಟನ್ನು ಲೈಬ್ರರಿಗೆ ತಂದುಕೊಟ್ಟವರು ತಂಜಾವೂರು ಸೀಮೆಯ ಒಬ್ಬ ಪಂಡಿತರು. ಅವರ ಹೆಸರು ಉಳಿದು ಬಂದಿಲ್ಲ. ವಿಶ್ವವಿದ್ಯಾಲಯದ ಯಾವ ದೊಡ್ಡ ಕೆಲಸವನ್ನು ಬಿಡಿಸಿ ನೋಡಿದರೂ ಹೀಗೇ: ಹತ್ತು ಕೈ ಸೇರಿ ಆದದ್ದಕ್ಕೆ ಒಂದು ಹೆಸರು ಬೀಳುತ್ತದೆ. ಫಲಿತಾಂಶ ಸಕಾಲಕ್ಕೆ ಬಂತು ಎಂದರೆ ಕೋಡ್ ಹಾಕಿದವರು, ಮೌಲ್ಯಮಾಪಕರು, ಅಂಕ ಟೈಪಿಸಿದವರು, ಕಟ್ಟುಗಳನ್ನು ಊರಿಂದ ಊರಿಗೆ ಒಯ್ದ ಚಾಲಕರು ಎಲ್ಲರೂ ತಪ್ಪದೆ ಮಾಡಿದ್ದರು ಎಂದರ್ಥ. ಅವರಲ್ಲಿ ಒಬ್ಬರನ್ನು ವೇದಿಕೆಗೆ ಕರೆದರೆ ಮಿಕ್ಕವರಿಗೆ ಹೋಗುವ ಸಂದೇಶ ಏನು?

ಇದು ಬರೀ ಊಹೆಯಲ್ಲ. ಅಮೆರಿಕದ ಒಂದು ಲಾಂಡ್ರಿ ಕಾರ್ಖಾನೆಯಲ್ಲಿ ಹಾಜರಾತಿಗೆ ಬಹುಮಾನ ಇಟ್ಟಾಗ, ಮೊದಲಿಂದಲೂ ತಪ್ಪದೆ ಬರುತ್ತಿದ್ದವರ ಉತ್ಸಾಹ ಕುಗ್ಗಿ ಕಾರ್ಖಾನೆಯ ಒಟ್ಟು ಉತ್ಪಾದಕತೆಯೇ ಶೇ 1.4ರಷ್ಟು ಇಳಿದದ್ದನ್ನು 2016ರಲ್ಲಿ ಸಂಶೋಧಕರು ದಾಖಲಿಸಿದರು. ಪರವಾದಿಗಳು ಹೆಸರಿಸಿದ ಗಾಲುಸ್ ಅವರೇ ಇತರರೊಂದಿಗೆ ಸೇರಿ 15,000ಕ್ಕೂ ಹೆಚ್ಚು ಶಾಲಾ ಮಕ್ಕಳ ಮೇಲೆ ಮಾಡಿದ ಅಧ್ಯಯನ 2021ರಲ್ಲಿ ಬಂತು. ಹಿಂದಿನ ಪೂರ್ಣ ಹಾಜರಾತಿಗೆಂದು ಮುನ್ಸೂಚನೆಯಿಲ್ಲದೆ ಪ್ರಶಸ್ತಿ ಕೊಟ್ಟ ಮಕ್ಕಳು ಮುಂದಿನ ತಿಂಗಳು ಹೆಚ್ಚು ಗೈರಾದರು. ‘ಬೇರೆಯವರಿಗಿಂತ, ಶಾಲೆ ಬಯಸಿದ್ದಕ್ಕಿಂತ ಹೆಚ್ಚು ಬಂದುಬಿಟ್ಟೆ’ ಎಂಬ ಅರ್ಥ ಅದರಿಂದ ಅವರಿಗೆ ಹೊಳೆಯಿತು. ಸೇವೆಯನ್ನು ಅಸಾಧಾರಣ ಎಂದು ಕರೆದ ಕೂಡಲೇ, ಅದು ಎಲ್ಲರ ದಿನನಿತ್ಯದ ಕರ್ತವ್ಯವಲ್ಲ ಎಂದೂ ಹೇಳಿದಂತಾಗುತ್ತದೆ.

ಇನ್ನು ಸಮಯದ ಲೆಕ್ಕ. ನಲವತ್ತು ನಾಮನಿರ್ದೇಶನ ಬಂದರೆ, ಐವರು ಸದಸ್ಯರು ತಲಾ ಅರ್ಧ ಗಂಟೆ ಓದಿದರೂ ನೂರು ಗಂಟೆ. ಬರೆಯುವವರ, ಸಹಿ ಹಾಕುವವರ, ದಾಖಲೆ ತೆಗೆಸುವವರ ಗಂಟೆಗಳು ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಂತೆ ಸಹಾಯಕ ಪ್ರಾಧ್ಯಾಪಕರ ನೇರ ಬೋಧನೆ ವಾರಕ್ಕೆ 16 ಗಂಟೆ. ಅಂದರೆ ಒಬ್ಬ ಅಧ್ಯಾಪಕರ ಆರು ವಾರದ ಪಾಠ ಸಮಿತಿಯ ಕೋಣೆಯಲ್ಲಿ ಕಳೆಯಿತು. ಒಂದು ಪುಟದ ನಿಯಮವೂ ಬಾಳುವುದಿಲ್ಲ. ಎರಡನೇ ವರ್ಷಕ್ಕೇ ‘ಪೂರಕ ದಾಖಲೆ ಲಗತ್ತಿಸಿ’ ಎಂಬ ಸಾಲು ಸೇರುತ್ತದೆ, ಮೂರನೇ ವರ್ಷಕ್ಕೆ ಸ್ಪೈರಲ್ ಬೈಂಡಿಂಗ್ ಬರುತ್ತದೆ. ಆಗ ಗೆಲ್ಲುವುದು ದಾಖಲೆ ಇಟ್ಟುಕೊಳ್ಳುವ ಬಿಡುವಿದ್ದವರು. ಹಾಸ್ಟೆಲಿನಲ್ಲಿ ರಾತ್ರಿ ಜ್ವರ ಬಂದ ಹುಡುಗನನ್ನು ಆಸ್ಪತ್ರೆಗೆ ಒಯ್ದ ವಾರ್ಡನ್ ಅದರ ಫೋಟೊ ತೆಗೆದಿರುವುದಿಲ್ಲ.

ಅಧ್ಯಾಪಕರ ವಿಷಯದಲ್ಲಿ ಅಪಾಯ ಇನ್ನೂ ದೊಡ್ಡದು. 2018ರ ಯುಜಿಸಿ ನಿಯಮಾವಳಿಯಲ್ಲಿ ನೇಮಕ, ಬಡ್ತಿಗೆ ನೋಡುವ ಸಂಶೋಧನಾ ಅಂಕಗಳ ಕೋಷ್ಟಕದಲ್ಲಿ ರಾಷ್ಟ್ರೀಯ ಪ್ರಶಸ್ತಿ ಅಥವಾ ಫೆಲೋಶಿಪ್‌ಗೆ 5, ಅಂತಾರಾಷ್ಟ್ರೀಯಕ್ಕೆ 7 ಅಂಕ. ವಿಜ್ಞಾನದ ಒಂದು ಸಂಶೋಧನಾ ಪ್ರಬಂಧಕ್ಕೆ ಇರುವುದೇ 8. ಹೀಗೆ ಅಂಕ ಅಂಟಿದ ಮೇಲೆ, ನೋಂದಣಿ ಶುಲ್ಕ ಕಟ್ಟಿದವರಿಗೆಲ್ಲ ‘ರಾಷ್ಟ್ರೀಯ’ ಫಲಕ ಕೊಡುವ ಸಂಘಟನೆಗಳು ಹುಟ್ಟಿಕೊಂಡವು. ಪ್ರಾಮಾಣಿಕ ಸಮಿತಿ ಅವನ್ನು ತಿರಸ್ಕರಿಸುತ್ತದೆ, ನಿಜ. ಆದರೆ ಪ್ರಶಸ್ತಿ ಎಂಬುದು ಕೂಡಿಹಾಕುವ ವಸ್ತು ಎಂಬ ಅಭ್ಯಾಸವನ್ನು ನಾವೇ ಕಲಿಸಿದ್ದೇವೆ. ವಿಶ್ವವಿದ್ಯಾಲಯದ ಪ್ರಶಸ್ತಿಗೆ ಇಂದು ಅಂಕವಿಲ್ಲದಿದ್ದರೂ ನಾಳೆ ಬಡ್ತಿಯ ಸಂದರ್ಶನದ ಮೇಜಿಗೆ ಅದು ಬಂದೇ ಬರುತ್ತದೆ.

ಇಷ್ಟೆಲ್ಲ ಹೇಳಿಯೂ ಮುಖ್ಯ ಮಾತು ಬೇರೆಯೇ ಇದೆ. ನೌಕರರು ಕೇಳುತ್ತಿರುವುದು ಪ್ರಶಸ್ತಿಯನ್ನಲ್ಲ. 2023ರ ಕೊನೆಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಬೀದಿಗಿಳಿದು ಮುಷ್ಕರ ಹೂಡಿದ್ದು ಸೇವಾ ಭದ್ರತೆಗಾಗಿ. ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಮೊದಲ ಬಡ್ತಿ ಪಿಎಚ್‌ಡಿ ಇದ್ದರೆ 4, ಎಂಫಿಲ್ ಇದ್ದರೆ 5, ಎರಡೂ ಇಲ್ಲದಿದ್ದರೆ 6 ವರ್ಷಕ್ಕೆ ಸಲ್ಲಬೇಕು. ಆ ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತಾ ವರ್ಷ ಕಳೆದರೆ, ಆ ವರ್ಷದ ಅವಮಾನವನ್ನು ಯಾವ ಶಾಲೂ ಮುಚ್ಚುವುದಿಲ್ಲ. ಖಾಲಿ ಹುದ್ದೆ ತುಂಬದೆ ಮೂವರ ಕೆಲಸ ಒಬ್ಬರಿಂದ ಮಾಡಿಸಿ, ಅದನ್ನು ‘ಅಸಾಧಾರಣ ಸೇವೆ’ ಎಂದು ಸನ್ಮಾನಿಸುವುದು ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಮುಡಿಸಿದಂತೆ. ಹೊರಗುತ್ತಿಗೆಯವರಿಗೂ ಪ್ರಶಸ್ತಿ ಕೊಡೋಣ ಎನ್ನುತ್ತಾರೆ. ಟೆಂಡರ್ ಬದಲಾದ ತಿಂಗಳು ಅವರ ಕೆಲಸವೇ ಇರುತ್ತದೆಂಬ ಖಾತ್ರಿಯಿಲ್ಲ.

ಮನ್ನಣೆ ಬೇಡವೆಂದಲ್ಲ, ಸ್ಪರ್ಧೆ ಬೇಡ. ಪರೀಕ್ಷಾ ಕೆಲಸ, ಹಾಸ್ಟೆಲ್ ಉಸ್ತುವಾರಿ, ಎನ್‌ಎಸ್‌ಎಸ್ ಶಿಬಿರಗಳನ್ನು ಗಂಟೆಗಳಲ್ಲಿ ಎಣಿಸಿ ಕಾರ್ಯಭಾರದಲ್ಲಿ ಸೇರಿಸಲಿ. ರಜಾದಿನ ದುಡಿದವರಿಗೆ ಬದಲಿ ರಜೆ ಅರ್ಜಿ ಹಾಕದೆಯೇ ಜಮೆಯಾಗಲಿ. ಲ್ಯಾಬ್ ಮ್ಯಾನುಯಲ್‌ನ ಮೊದಲ ಪುಟದಲ್ಲಿ ದ್ರಾವಣ ತಯಾರಿಸಿದವರ ಹೆಸರಿರಲಿ, ಹಸ್ತಪ್ರತಿ ಸೂಚಿಯಲ್ಲಿ ಗರಿಗೆ ಎಣ್ಣೆ ಸವರಿದವರ ಹೆಸರಿರಲಿ. ಯಾರಾದರೂ ಒಳ್ಳೆಯ ಕೆಲಸ ಮಾಡಿದ್ದನ್ನು ಕಂಡ ಸಹೋದ್ಯೋಗಿ ಅಥವಾ ವಿದ್ಯಾರ್ಥಿ ದಿನಾಂಕ ಸಹಿತ ನಾಲ್ಕು ಸಾಲು ಬರೆದು ಕೊಟ್ಟರೆ, ವಿಭಾಗದ ಮುಖ್ಯಸ್ಥರು ಪರಿಶೀಲಿಸಿ, ಕುಲಸಚಿವರು ಸಹಿ ಮಾಡಿ, ಹದಿನೈದು ದಿನದೊಳಗೆ ಅದನ್ನು ಸೇವಾ ಪುಸ್ತಕಕ್ಕೆ ಸೇರಿಸಲಿ. ಅದರ ಒಂದು ಪ್ರತಿ ಆ ನೌಕರರ ಕೈಗೆ ಸಿಗಲಿ. ವರ್ಷಕ್ಕೆ ಐದು ಬಂದರೂ ಸರಿ, ಐನೂರು ಬಂದರೂ ಸರಿ.