ಸತ್ಯಾಂಶ: ಕಷಾಯ ಸ್ವರತಂತುಗಳನ್ನು ಮುಟ್ಟುವುದಿಲ್ಲ

ಹಾಡುವ ಮುನ್ನ ಒಂದು ಲೋಟ ಬಿಸಿ ಕಾಳುಮೆಣಸಿನ ಕಷಾಯ ಕುಡಿದರೆ ಅದು ಸ್ವರತಂತುಗಳನ್ನು ತೊಳೆದು ಗಂಟಲಿನ ಬಿಗಿತವನ್ನು ತಕ್ಷಣ ಬಿಡಿಸುತ್ತದೆ ಎಂಬ ಸಂದೇಶ ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಭಜನಾ ಮಂಡಳಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಇದು ನಿಜವಲ್ಲ. ಸ್ವರತಂತುಗಳಿರುವುದು ಶ್ವಾಸನಾಳದ ಮೇಲ್ತುದಿಯ ಧ್ವನಿಪೆಟ್ಟಿಗೆಯಲ್ಲಿ. ನುಂಗುವಾಗ ಆ ದಾರಿ ಮುಚ್ಚಿಕೊಂಡು ಕಷಾಯ ಅನ್ನನಾಳಕ್ಕೆ ಇಳಿಯುತ್ತದೆ. ತಪ್ಪಿ ಅತ್ತ ಹೋದರೆ ಬರುವುದು ಕೆಮ್ಮು. ಕಷಾಯದ ಬಿಸಿ ಗಂಟಲಿಗೆ ಹಿತವೆನಿಸುವುದು ನಿಜ. ಮಲೆನಾಡಿನವರಿಗೆ ಕಷಾಯ ಬಿಡಿ ಎನ್ನುವ ಧೈರ್ಯವೂ ನಮಗಿಲ್ಲ.

ಬಿಗಿತ ಹುಟ್ಟುವುದು ಸ್ನಾಯುಗಳಲ್ಲಿ. ತಾರಸ್ಥಾಯಿಯ ಎತ್ತರದ ಸ್ವರಗಳಿಗೆ ಏರುವಾಗ ಗದ್ದವನ್ನು ಮೇಲೆತ್ತಿ, ದವಡೆಯನ್ನು ಬಿಗಿಹಿಡಿದು, ನಾಲಿಗೆಯ ಬುಡವನ್ನು ಹಿಂದಕ್ಕೆಳೆದರೆ, ಕತ್ತಿನ ಒಂದು ಸಣ್ಣ ಮೂಳೆಯ ಮೂಲಕ ನಾಲಿಗೆಗೆ ಜೋಡಿಕೊಂಡಿರುವ ಧ್ವನಿಪೆಟ್ಟಿಗೆಯೂ ಆ ಸೆಳೆತಕ್ಕೆ ಸಿಲುಕುತ್ತದೆ. ಆದ್ದರಿಂದ ದವಡೆಯ ಕೀಲನ್ನು ಬೆರಳುಗಳಿಂದ ಮೆಲ್ಲಗೆ ನೀವಿ, ಹಲ್ಲುಗಳನ್ನು ಬಿಡಿಸಿ, ತುಟಿ ಮುಚ್ಚಿ ತಗ್ಗಿನ ಸ್ವರದಲ್ಲಿ ಗುನುಗುವುದು, ಅಥವಾ ಸಡಿಲಬಿಟ್ಟ ತುಟಿಗಳನ್ನು ‘ಬ್ರ್ರ್’ ಎಂದು ಅದುರಿಸುತ್ತ ಷಡ್ಜದಿಂದ (ಸ) ಪಂಚಮಕ್ಕೆ (ಪ) ಜಾರುವುದು ಹೆಚ್ಚು ಉಪಯುಕ್ತ. ಹಾರ್ಮೋನಿಯಂನವರ ಅನುಕೂಲಕ್ಕೆ ಇಟ್ಟ ಎತ್ತರದ ಶ್ರುತಿಯೂ ಅನೇಕರ ಗಂಟಲು ಹಿಡಿಯಲು ಕಾರಣ. ಅದನ್ನು ಇಳಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕಟ್ಟಿದ ಸ್ವರ 3 ವಾರಗಳಾದರೂ ತಿಳಿಯಾಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಬೇಕು.